ಹಿಡಿ ಬಿಚ್ಚಿ ಕಳಿಸಿದ ಪಿಸ್ತೂಲು

ಫೆಬ್ರವರಿ ೧೨

ರಿಪೇರಿ ವಿಭಾಗದವರಿಗೆ,

ಮಾನ್ಯರೇ,

ಈ ಪತ್ರದ ಜೊತೆಗಿರುವ ಪೆಟ್ಟಿಗೆಯಲ್ಲಿ ನಿಮ್ಮ ಕಂಪನಿಯ ಏರ್ ಪಿಸ್ತೂಲು ಇದೆ, ಪಂದ್ಯದಲ್ಲಿ ಗುರಿ ಹೊಡೆಯುವಂಥದ್ದು. ಗಾಳಿಯ ಸಿಲಿಂಡರ್ ಖಾಲಿ ಮಾಡಿದ್ದೇನೆ. ಒಳಗೆ ಗುಂಡು ಇಲ್ಲ. ಆದರೂ ನೀವೊಮ್ಮೆ ನೋಡಿಕೊಳ್ಳಿ, ನನ್ನ ಮಾತು ನಂಬಬೇಡಿ. ಇಂಥ ವಸ್ತುವಿನ ವಿಷಯದಲ್ಲಿ ಯಾರ ಮಾತನ್ನೂ ನಂಬಬಾರದು.

ಪಿಸ್ತೂಲು ನನ್ನ ಮಗಳದು. ನಾನು ಬೂಟು ಮಾಡುವವನು. ಪಾದ ಸೊಟ್ಟ ಇರುವವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ ಅಳತೆ ತೆಗೆದು ಹೊಲಿದುಕೊಡುತ್ತೇನೆ. ರಜೆಯ ದಿನ ನಮ್ಮ ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಸುರಕ್ಷತೆ ನೋಡಿಕೊಳ್ಳುವುದೂ ನಾನೇ. ಯಾರ ಬೆರಳು ಎಲ್ಲಿರಬೇಕು, ಪಿಸ್ತೂಲಿನ ಮೂತಿ ಯಾವ ಕಡೆ ಇರಬೇಕು ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವ ಕೆಲಸ.

ಕಳೆದ ಭಾನುವಾರ ಅಭ್ಯಾಸ ನಡೆಯುತ್ತಿತ್ತು. ಮಗಳು ಗುಂಡು ಹಾಕಿ ಕೈ ಎತ್ತಿದಳು. ಗುರಿ ನಿಲ್ಲಲಿಲ್ಲವೆಂದು ಹೊಡೆಯದೆ ಕೈ ಇಳಿಸಿದಳು. ಇಳಿಸುವಾಗ ಪಿಸ್ತೂಲಿನ ಗುಂಡು ಹಾರಿತು. ಗುಂಡು ಮೇಜಿನ ಅಂಚಿನ ತಗಡಿಗೆ ಬಡಿದು, ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಕೆನ್ನೆ ಗೀರಿಕೊಂಡು ಹೋಯಿತು. ಕಣ್ಣಿಗಿಂತ ಒಂದು ಬೆರಳು ಕೆಳಗೆ. ಆ ಹುಡುಗಿಯ ಕಿರುಚಾಟ ಈಗಲೂ ಕಿವಿಯಲ್ಲಿದೆ.

ಬೆರಳು ಟ್ರಿಗರ್ ಮೇಲೆ ಇರಲೇ ಇಲ್ಲ ಎನ್ನುತ್ತಾಳೆ ಮಗಳು. ಇತ್ತು ಎನ್ನುತ್ತೇನೆ ನಾನು. ನಾನು ಅವಳ ಹಿಂದೆಯೇ ನಿಂತಿದ್ದೆ. ಹಾಗೆಂದು ಕ್ಲಬ್ಬಿಗೆ ವರದಿ ಬರೆದವನೂ ನಾನೇ. ಬೇರೆಯವರ ಮಕ್ಕಳಿಗೆ ಒಂದು ನ್ಯಾಯ, ನನ್ನ ಮಗಳಿಗೆ ಒಂದು ನ್ಯಾಯ ಎಂದು ನಡೆದುಕೊಳ್ಳುವವನು ನಾನಲ್ಲ.

ಮೇ ತಿಂಗಳಲ್ಲಿ ವಿಚಾರಣೆ ಇದೆ. ತಪ್ಪು ಒಪ್ಪಿಕೊಂಡರೆ ಒಂದು ವರ್ಷ ದೂರ ಇಡುತ್ತಾರೆ, ಆಮೇಲೆ ಮತ್ತೆ ಆಡಬಹುದು. ತಪ್ಪೂ ಮಾಡಿ ಸುಳ್ಳೂ ಹೇಳಿದಳು ಎಂದಾದರೆ ಅವಳು ಜನ್ಮದಲ್ಲಿ ಮತ್ತೆ ಪಿಸ್ತೂಲು ಮುಟ್ಟುವ ಹಾಗಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಅವಳಿಗೆ ಇದೊಂದೇ ಹುಚ್ಚು. ಆದರೂ ಒಪ್ಪುತ್ತಿಲ್ಲ.

ನನಗೆ ಬೇಕಾಗಿರುವುದು ಒಂದೇ ಉತ್ತರ. ಟ್ರಿಗರ್ ಒತ್ತದೆ ಈ ಪಿಸ್ತೂಲು ತಾನಾಗಿ ಹಾರಬಲ್ಲದೋ ಇಲ್ಲವೋ? ಸಮಾಧಾನದ ಮಾತು ಬೇಡ.

ಮರದ ಹಿಡಿಯನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ. ಅದು ಅವಳ ಅಂಗೈಗೆಂದೇ ನಾನು ಕೆತ್ತಿದ್ದು. ಶೂಟಿಂಗ್‌ನವರು ಪಿಸ್ತೂಲನ್ನಾದರೂ ಬೇರೆಯವರ ಕೈಗೆ ಕೊಟ್ಟಾರು, ಹಿಡಿ ಕೊಡುವುದಿಲ್ಲ. ನಿಮಗೆ ಅದು ಗೊತ್ತೇ ಇರುತ್ತದೆ.

ಇಂತಿ,
ಬೂಟಿನ ಅಂಗಡಿಯವನು


ಫೆಬ್ರವರಿ ೨೦

ಬೂಟಿನ ಅಂಗಡಿಯ ಯಜಮಾನರಿಗೆ ನಮಸ್ಕಾರ,

ಪೆಟ್ಟಿಗೆ ಸುರಕ್ಷಿತವಾಗಿ ತಲುಪಿತು. ನೀವು ಹೇಳಿದ ಹಾಗೆ ನಿಮ್ಮ ಮಾತು ನಂಬದೆ ನೋಡಿದೆವು, ಗುಂಡು ಇರಲಿಲ್ಲ. ಇಷ್ಟು ಚೆನ್ನಾಗಿ ಕಟ್ಟಿದ ಪಾರ್ಸೆಲ್ಲನ್ನು ನಾನು ಈ ಮೇಜಿಗೆ ಬಂದ ಮೇಲೆ ನೋಡಿಲ್ಲ. ದಾರ ಕತ್ತರಿಸಲು ಮನಸ್ಸಾಗದೆ ಗಂಟು ಬಿಚ್ಚಿಯೇ ತೆಗೆದೆ.

ನಾನು ರಿಪೇರಿ ವಿಭಾಗದಲ್ಲಿ ಪತ್ರಗಳಿಗೆ ಉತ್ತರ ಬರೆಯುವವಳು. ಪಿಸ್ತೂಲಿನ ದೂರುಗಳನ್ನು ಫೋನಿನಲ್ಲಿ ತೀರ್ಮಾನಿಸಬಾರದು, ಎಲ್ಲವೂ ಬರಹದಲ್ಲಿರಬೇಕು ಎಂಬುದು ಇಲ್ಲಿನ ಕಟ್ಟಳೆ. ಹಾಗಾಗಿ ನನಗೆ ಹೊಟ್ಟೆಪಾಡು. ನಿಮ್ಮ ಪಿಸ್ತೂಲು ಈಗ ನಮ್ಮ ಹಿರಿಯ ಮೆಕ್ಯಾನಿಕ್ ಕೈಯಲ್ಲಿದೆ. ಬೆನ್ನ ಹಿಂದೆ ನಾವು ಅವರನ್ನು ಗೊಣಗಪ್ಪ ಅನ್ನುತ್ತೇವೆ. ಬಂದ ವಸ್ತುವನ್ನೆಲ್ಲ ಬೈದುಕೊಂಡೇ ಬಿಚ್ಚುತ್ತಾರೆ, ಆದರೆ ಅವಸರ ಮಾಡುವವರಲ್ಲ.

ನಿಮ್ಮ ಹೌದು-ಅಲ್ಲ ಉತ್ತರ ಖಂಡಿತ ಕೊಡುತ್ತೇವೆ. ಅದಕ್ಕೆ ಮುಂಚೆ ಎರಡು ಮಾತು ಕೇಳಬೇಕು. ನೀವು ಹಿಂದೆ ನಿಂತಿದ್ದಿರಿ, ಸರಿ. ಯಾವ ಕಡೆ? ಇನ್ನೊಂದು, ಮಗಳಿಂದ ನಾಲ್ಕು ಸಾಲು ಬರೆಸಿ ಕಳಿಸುತ್ತೀರಾ? ಏನಾಯಿತು ಎಂದು ಅವಳ ಬಾಯಲ್ಲೇ ಕೇಳಬೇಕು. ಪಿಸ್ತೂಲು ಇದ್ದದ್ದು ಅವಳ ಕೈಯಲ್ಲಿ ಅಲ್ಲವೇ?

ಗೌರವದಿಂದ,
ರಿಪೇರಿ ವಿಭಾಗದ ಪತ್ರದವಳು


ಫೆಬ್ರವರಿ ೨೭

ಮಾನ್ಯರೇ,

ಹಿಂದೆ, ಎಡಗಡೆ ನಿಂತಿದ್ದೆ.

ಮಗಳಿಂದ ಬರೆಸಲು ಆಗುವುದಿಲ್ಲ. ಅವಳು ಮನೆಯಲ್ಲಿಲ್ಲ, ಅವಳ ಚಿಕ್ಕಮ್ಮನ ಮನೆಗೆ ಹೋಗಿ ಕೂತಿದ್ದಾಳೆ. ಅವಳ ಅಮ್ಮ ನನ್ನ ಜೊತೆ ಊಟಕ್ಕೆ ಬನ್ನಿ ಎನ್ನುವಷ್ಟು ಮಾತ್ರ ಮಾತಾಡುತ್ತಾಳೆ, ಅದನ್ನೂ ಗೋಡೆ ನೋಡಿಕೊಂಡು ಹೇಳುತ್ತಾಳೆ.

ನಾನು ಮಗಳನ್ನು ಕೇಳದೆ ಬರೆದೆ ಎಂದು ತಿಳಿಯಬೇಡಿ. ಕೇಳಿದ್ದೇನೆ. ಎಲ್ಲರ ಎದುರಿಗೇ "ಬೆರಳು ಎಲ್ಲಿತ್ತು?" ಎಂದು ಕೇಳಿದೆ. "ಹೊರಗಿತ್ತು ಅಪ್ಪ" ಅಂದಳು. "ಹೊರಗಿದ್ರೆ ಹೇಗೆ ಹಾರ್ತು? ಸುಳ್ಳು ಹೇಳಬೇಡ" ಅಂದೆ. ಅಷ್ಟೇ ಮಾತು. ಟ್ರಿಗರ್ ಒತ್ತದೆ ಪಿಸ್ತೂಲು ಹಾರುವುದಿಲ್ಲ. ಹಾರಿದೆ, ಅಂದ ಮೇಲೆ ಒತ್ತಿದ್ದಾಳೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ?

ಪರೀಕ್ಷೆ ಮುಗಿಸಿ ಬೇಗ ಬರೆಯಿರಿ.

ಇಂತಿ,
ಬೂಟಿನ ಅಂಗಡಿಯವನು


ಮಾರ್ಚ್ ೧೧

ಯಜಮಾನರೇ,

ಪರೀಕ್ಷೆ ಮುಗಿಯಿತು. ಗೊಣಗಪ್ಪನವರು ನಮ್ಮ ಕಾರ್ಖಾನೆಯ ಹಿಡಿ ಜೋಡಿಸಿ ಪಿಸ್ತೂಲನ್ನು ಬೀಳಿಸಿದರು, ಬಡಿದರು, ಬಿಸಿ ಮಾಡಿದರು, ತಣ್ಣಗೆ ಮಾಡಿದರು. ಗುಂಡು ಹಾಕಿ ಮೇಜಿನ ಮೇಲೆ ಕುಕ್ಕಿದರು. ತಾನಾಗಿ ಒಂದು ಸಲವೂ ಹಾರಲಿಲ್ಲ. ಟ್ರಿಗರ್ ಎಳೆದಾಗ ಮಾತ್ರ ಬಿಡುಗಡೆಯಾಗುವ ಒಂದು ಸಣ್ಣ ಕೊಂಡಿ ಒಳಗಿರುತ್ತದೆ, ಅದೂ ಹೊಸದರ ಹಾಗೆ ಕಚ್ಚಿಕೊಂಡಿದೆ.

ನಮ್ಮ ವಿಭಾಗದ ಮುಖ್ಯಸ್ಥರು "ಪಿಸ್ತೂಲಿನಲ್ಲಿ ದೋಷವಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿ ನನ್ನ ಮೇಜಿಗೆ ಕಳಿಸಿದ್ದಾರೆ. ಅಂಚೆಗೆ ಹಾಕುವುದಷ್ಟೇ ಬಾಕಿ. ಸದ್ಯಕ್ಕೆ ಅದರ ಮೇಲೆ ನನ್ನ ಟೀ ಲೋಟ ಇದೆ.

ಯಾಕೆ ಹಾಕಲಿಲ್ಲ ಎಂದು ನಿಮಗೆ ಸಿಟ್ಟು ಬರಬಹುದು. ನಿಮ್ಮ ಅಂಗಡಿಗೆ ಒಬ್ಬರು ಬಂದು, ಬೂಟು ಕಚ್ಚುತ್ತಿದೆ ಎಂದು ಹೇಳಿ, ಬೂಟನ್ನು ಮಾತ್ರ ಇಟ್ಟು ಹೋದರೆ ನೀವೇನು ಮಾಡುತ್ತೀರಿ? ಕಾಲು ತೋರಿಸಪ್ಪ ಅನ್ನುತ್ತೀರಿ ತಾನೇ? ಆವತ್ತು ಹಾರಿದ್ದು ನಿಮ್ಮ ಹಿಡಿ ಹಾಕಿದ ಪಿಸ್ತೂಲು. ನಾವು ಪರೀಕ್ಷೆ ಮಾಡಿದ್ದು ನಮ್ಮ ಹಿಡಿ ಹಾಕಿದ್ದನ್ನು. ದಯವಿಟ್ಟು ಹಿಡಿ ಕಳಿಸಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಇಲ್ಲಿ ಒಬ್ಬಳ ಕೈಗೆ ಖಾಲಿ ಪಿಸ್ತೂಲು ಕೊಟ್ಟು ನಾನು ಅವಳ ಹಿಂದೆ ಎಡಗಡೆ ನಿಂತು ನೋಡಿದೆ. ನನಗೆ ಅವಳ ಮಣಿಕಟ್ಟು ಕಂಡಿತು, ಹಿಡಿಯ ಬೆನ್ನು ಕಂಡಿತು. ಬೆರಳು ಕಾಣಲಿಲ್ಲ.

ಗೌರವದಿಂದ,
ಪತ್ರದವಳು


ಮಾರ್ಚ್ ೧೬

ಮಾನ್ಯರೇ,

ನಿಮ್ಮ ಕೆಲಸ ಪಿಸ್ತೂಲು ನೋಡುವುದು, ನಾನು ಎಲ್ಲಿ ನಿಂತಿದ್ದೆ ಎಂದು ನೋಡುವುದಲ್ಲ. ಮೂವತ್ತು ವರ್ಷ ಜನರ ನಡಿಗೆ ನೋಡಿ ಯಾವ ಮೂಳೆ ನೋಯುತ್ತಿದೆ ಎಂದು ಹೇಳುವವನು ನಾನು. ನನ್ನ ಕಣ್ಣಿಗೆ ಇನ್ನೂ ಮಂಕು ಕವಿದಿಲ್ಲ.

ಆ ಹಿಡಿಯನ್ನು ಆಕ್ರೋಟದ ಮರದಲ್ಲಿ ತಿಂಗಳುಗಟ್ಟಲೆ ಕೂತು ಕೆತ್ತಿದ್ದೇನೆ. ಬರೀ ಮರ. ಮರದಿಂದ ಪಿಸ್ತೂಲು ಹಾರುತ್ತದೆಯೇ? ನನ್ನ ಕೈಕೆಲಸದ ಕಡೆ ಇಲ್ಲಿಯವರೆಗೆ ಯಾರೂ ಬೆರಳು ಮಾಡಿಲ್ಲ, ನೀವೂ ಮಾಡಬೇಡಿ.

ದೋಷವಿಲ್ಲ ಎಂಬ ಕಾಗದ ಕಳಿಸಿ. ಅದನ್ನು ನೋಡಿದರೆ ಅವಳು ಒಪ್ಪಿಕೊಂಡಾಳು. ಒಪ್ಪಿಕೊಂಡರೆ ಒಂದೇ ವರ್ಷ. ನಾನು ಅವಳ ಶತ್ರು ಅಲ್ಲ.

ಇಂತಿ,
ಬೂಟಿನ ಅಂಗಡಿಯವನು


ಮಾರ್ಚ್ ೨೫

ರಿಪೇರಿ ಅಕ್ಕನಿಗೆ,

ನಾನು ಆ ಪಿಸ್ತೂಲಿನವಳು. ಮನೆಯಲ್ಲಿ ನನ್ನನ್ನು ಚೂಟಿ ಅಂತಾರೆ. ಅಂತಿದ್ದರು. ನಿಮ್ಮ ಪತ್ರಗಳನ್ನು ಅಮ್ಮ ಅಪ್ಪನ ಮೇಜಿಂದ ತೆಗೆದು ಓದಿದ್ದಾಳೆ. ಓದಿದವಳು ಸುಮ್ಮನಿರದೆ ಆ ಪತ್ರಗಳನ್ನೂ ಹಿಡಿಯನ್ನೂ ತರಕಾರಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಹಿಡಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಅಪ್ಪನಿಗೆ ಗೊತ್ತಾದರೆ ಆಕಾಶ ಭೂಮಿ ಒಂದು ಮಾಡುತ್ತಾರೆ, ಮಾಡಲಿ ಬಿಡಿ.

ನೀವು "ಏನಾಯಿತು" ಅಂತ ಕೇಳಿದ್ದೀರಂತೆ. ಆ ಸಾಲನ್ನು ಅಮ್ಮ ಬೆರಳಿಟ್ಟು ತೋರಿಸಿದಳು. ಇಲ್ಲಿಯವರೆಗೆ ಎಲ್ಲರೂ ಕೇಳಿದ್ದು "ಯಾಕೆ ಹಾಗೆ ಮಾಡಿದೆ" ಅಂತ. ಕ್ಲಬ್ಬಿನ ಸಮಿತಿಯವರೂ ಅದನ್ನೇ ಕೇಳಿದರು, ಚಿಕ್ಕಮ್ಮನೂ ಅದನ್ನೇ ಕೇಳಿದಳು. ನಿಮ್ಮ ಸಾಲು ಓದಿ ಅಳು ಬಂತು. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಹೇಳ್ತಿದ್ದೇನೆ.

ಆಗಿದ್ದು ಇಷ್ಟು. ಕೈ ಎತ್ತಿದೆ. ಕೈ ನಿಲ್ಲಲಿಲ್ಲ. ಬೆರಳನ್ನು ಹೊರಗೆ ತಂದು ಪಕ್ಕಕ್ಕೆ ಚಾಚಿದೆ, ಅಪ್ಪ ಕಲಿಸಿದ ಹಾಗೆ. ಊಟದ ತಟ್ಟೆ ಇಡುವಾಗಲೂ ನನ್ನ ತೋರುಬೆರಳು ಹಾಗೇ ಚಾಚಿಕೊಳ್ಳುತ್ತೆ ಅಂತ ಅಮ್ಮ ನಗುತ್ತಾಳೆ, ಅಷ್ಟು ಅಭ್ಯಾಸ ಆಗಿದೆ. ಇಳಿಸುವಾಗ ಮೇಜಿನ ಹತ್ತಿರ ಹಿಡಿಯನ್ನು ಸ್ವಲ್ಪ ಬಿಗಿ ಮಾಡಿದೆ. ಅಷ್ಟಕ್ಕೇ ಹಾರಿತು. ಪಕ್ಕದವಳು ನನ್ನ ಗೆಳತಿ. ಅವಳ ಕೆನ್ನೆಯ ಮೇಲೆ ರಕ್ತ ಇಳೀತಿತ್ತು.

ಒಪ್ಪಿಕೊಂಡುಬಿಡು, ಒಂದು ವರ್ಷ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಮಾಡದೆ ಇರೋದನ್ನ ಮಾಡಿದೆ ಅಂತ ಹೇಳಿ ಆಮೇಲೆ ಅಪ್ಪನ ಮುಖ ಹೇಗೆ ನೋಡಲಿ? ಸುಳ್ಳು ಹೇಳಬಾರದು ಅಂತ ಕಲಿಸಿದವರೂ ಅವರೇ ಅಲ್ವಾ?

ಇತಿ,
ಚೂಟಿ


ಏಪ್ರಿಲ್ ೫

ಪ್ರೀತಿಯ ಚೂಟಿಗೆ,

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಅನ್ನುತ್ತೇನೆ. ಒಳ್ಳೆಯ ಸುದ್ದಿಗೆ ಕಾಯುತ್ತಿರುತ್ತೀಯ, ನನ್ನ ಬಳಿ ಅದಿಲ್ಲ.

ನಿನ್ನ ಹಿಡಿ ಜೋಡಿಸಿ ಎಲ್ಲವನ್ನೂ ಮೊದಲಿಂದ ಮಾಡಿದೆವು. ಗಟ್ಟಿಯಾಗಿ ಹಿಡಿದೂ ನೋಡಿದೆವು. ಗೊಣಗಪ್ಪನವರ ಕೈ ಸೌತೆಕಾಯಿಯಷ್ಟು ದಪ್ಪ, ನಿನ್ನ ಹಿಡಿಯೊಳಗೆ ಹೋಗಲಿಲ್ಲ. ಆಮೇಲೆ ನಾನೇ ಹಿಡಿದೆ. ಏನೂ ಆಗಲಿಲ್ಲ. "ಈ ಹುಡುಗಿ ನಿಮ್ಮೆಲ್ಲರಿಗೂ ಟೋಪಿ ಹಾಕ್ತಿದ್ದಾಳೆ" ಎಂದು ಅವರು ಗೊಣಗಿ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟರು. ಟೀ ಲೋಟದ ಕೆಳಗಿನ ಕಾಗದ ಎಲ್ಲಿ ಎಂದು ಮುಖ್ಯಸ್ಥರೂ ಕೇಳಿದರು. ಈ ತಿಂಗಳ ಮಧ್ಯದೊಳಗೆ ಅದನ್ನು ಕಳಿಸದಿದ್ದರೆ ನನ್ನ ಕೆಲಸಕ್ಕೇ ಸಂಚಕಾರ.

ಅದಕ್ಕೇ ನೇರವಾಗಿ ಕೇಳುತ್ತೇನೆ. ಬೆರಳು ಒಳಗಿದ್ದಿರಬಹುದೇ? ಇದ್ದರೆ ಹೇಳು, ನಾನು ಬೈಯುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ. ಇರಲಿಲ್ಲ ಎಂದಾದರೆ ಆ ದಿನಕ್ಕೂ ಅದರ ಹಿಂದಿನ ವಾರಗಳಿಗೂ ಏನು ವ್ಯತ್ಯಾಸ ಇತ್ತು ಎಂದು ಯೋಚಿಸಿ ಬರೆ. ಕೈಗೆ ಏನಾದರೂ ಬೇರೆ ಅನಿಸಿತ್ತೇ? ಎಷ್ಟು ಚಿಕ್ಕ ವಿಷಯವಾದರೂ ಸರಿ.

ನಿನ್ನ,
ಪತ್ರದ ಅಕ್ಕ


ಏಪ್ರಿಲ್ ೧೦

ಅಕ್ಕ,

ನೀವೂ ಹಾಗೇ ಕೇಳಿದಿರಿ. ಪತ್ರ ಹರಿದು ಹಾಕಿ, ಆಮೇಲೆ ಚೂರು ಜೋಡಿಸಿ ಕೊನೆಯ ಸಾಲುಗಳನ್ನು ಮತ್ತೆ ಓದಿದೆ. ಬೆರಳು ಹೊರಗಿತ್ತು. ಇನ್ನೊಂದು ಸಲ ಕೇಳಬೇಡಿ.

ವ್ಯತ್ಯಾಸ ಅಂದರೆ ಎರಡೇ. ಆವತ್ತು ಹಾಲ್‌ನಲ್ಲಿ ಕರೆಂಟು ಇರಲಿಲ್ಲ, ಫ್ಯಾನು ನಿಂತಿತ್ತು. ಬೆಳಗ್ಗೆಯಿಂದ ಹೊಡೀತಾ ಇದ್ದೆ. ಅಂಗೈಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಒರೆಸಿ ಒರೆಸಿ ಕರವಸ್ತ್ರ ಹಿಂಡುವ ಹಾಗೆ ಆಗಿತ್ತು.

ಇನ್ನೊಂದು, ಅದಕ್ಕೆ ಮುಂಚೆ ಕೆಲವು ವಾರದಿಂದ ಹಿಡಿ ಸ್ವಲ್ಪ ಅಲುಗಾಡುತ್ತಿತ್ತು, ಸ್ಕ್ರೂ ಬಿಗಿ ಮಾಡಿದರೂ ನಿಲ್ಲುತ್ತಿರಲಿಲ್ಲ. ಹಿಂದಿನ ದಿನ ಅಪ್ಪ ಅದನ್ನು ಅಂಗಡಿಗೆ ತಗೊಂಡು ಹೋಗಿ ಸರಿಮಾಡಿ ತಂದಿದ್ದರು. ಹೊಸ ಬೂಟಿನ ಹಾಗೆ ಬಿಗಿಯಾಗಿ ಕೂತಿತ್ತು. "ಹೇಗಿದೆ?" ಅಂದರು. "ಸೂಪರ್ ಅಪ್ಪ" ಅಂದೆ. ನಾವಿಬ್ಬರೂ ನೆಟ್ಟಗೆ ಮಾತಾಡಿದ್ದು ಅದೇ ಕೊನೆ.

ಇದರಿಂದ ನಿಮಗೆ ಏನು ಉಪಯೋಗವೋ ಗೊತ್ತಿಲ್ಲ. ನೀವು ಆ ಕಾಗದ ಕಳಿಸಿಬಿಡಿ. ನನ್ನಿಂದ ನಿಮ್ಮ ಕೆಲಸ ಹೋಗೋದು ಬೇಡ.

ಚೂಟಿ


ಏಪ್ರಿಲ್ ೧೭

ಬೂಟಿನ ಅಂಗಡಿಯ ಯಜಮಾನರಿಗೆ,

ಈ ಪತ್ರವನ್ನು ಅಂಗಡಿ ಬಾಗಿಲು ಹಾಕಿಕೊಂಡು, ಕೂತುಕೊಂಡು ಓದಿ.

ಮಗಳ ಹಿಡಿ ನಮ್ಮಲ್ಲಿದೆ. ಅವಳೇ ಕಳಿಸಿದ್ದು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಕೇಳಿದವಳು ನಾನು. ಅವಳ ಕೊನೆಯ ಪತ್ರ ಓದಿ ಹಿಡಿಯ ಒಳಗಿನ ಟೊಳ್ಳಿಗೆ ಟಾರ್ಚು ಬಿಟ್ಟು ನೋಡಿದೆವು. ಆಳದಲ್ಲಿ, ಮೇಲಿನ ತುದಿಗೆ, ಮರದ ಬಣ್ಣದ್ದೇ ಒಂದು ತೆಳುವಾದ ಚರ್ಮದ ಪಟ್ಟಿ ಅಂಟಿಸಿತ್ತು. ಎಷ್ಟು ನಾಜೂಕಾಗಿ ಕೂರಿಸಿತ್ತು ಎಂದರೆ ಗೊಣಗಪ್ಪನವರು ಅದನ್ನು ಮರವೆಂದೇ ತಿಳಿದಿದ್ದರು.

ಒಣಗಿದ್ದಾಗ ಅದರಿಂದ ಯಾವ ತೊಂದರೆಯೂ ಇಲ್ಲ. ನಾವು ಒದ್ದೆ ಬಟ್ಟೆ ಸುತ್ತಿ ಹಿಡಿಯನ್ನು ಒಂದು ದಿನ ಇಟ್ಟೆವು. ಆಮೇಲೆ ಜೋಡಿಸಿ, ಗುಂಡು ಹಾಕಿ, ಮೂತಿಯನ್ನು ಮರಳಿನ ಪೆಟ್ಟಿಗೆಗೆ ತಿರುಗಿಸಿ, ಬೆರಳನ್ನು ಹೊರಗೆ ಚಾಚಿ ನಾನು ಹಿಡಿಯನ್ನು ಬಿಗಿ ಮಾಡಿದೆ. ಹಾರಿತು. ಗೊಣಗಪ್ಪನವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಮತ್ತೆ ಮಾಡಿದೆ, ಮತ್ತೆ ಹಾರಿತು. ಉಬ್ಬಿದ ಚರ್ಮ ಒಳಗಿನ ಕೊಂಡಿಯನ್ನು ಮೇಲಕ್ಕೆ ತಳ್ಳುತ್ತದೆ. ಕೈ ಬಿಗಿಯಾದರೆ ಕೊಂಡಿ ಜಾರುತ್ತದೆ.

ನೀವು ಕೇಳಿದ ಉತ್ತರ ಇದು. ಹೌದು, ಟ್ರಿಗರ್ ಮುಟ್ಟದೆಯೇ ಹಾರಬಲ್ಲದು.

ದೋಷವಿಲ್ಲ ಎಂಬ ಕಾಗದವನ್ನು ಮುಖ್ಯಸ್ಥರೇ ಹರಿದರು. ಹೊಸ ವರದಿಯ ಪ್ರತಿಗಳು ನಿಮಗೂ ಮಗಳಿಗೂ ಕ್ಲಬ್ಬಿಗೂ ಇವತ್ತೇ ಹೋಗುತ್ತಿವೆ. ಪಟ್ಟಿ ಇತ್ತು ಎಂದು ಅದರಲ್ಲಿ ಬರೆದಿದ್ದೇವೆ. ಯಾರು ಇಟ್ಟರು ಎಂದು ಬರೆದಿಲ್ಲ. ಅದು ನಾವು ಹೇಳುವ ಮಾತಲ್ಲ. ಆದರೆ ಯಾರೂ ಹೇಳದಿದ್ದರೆ ಪಿಸ್ತೂಲನ್ನು ಹೀಗೆ ಮಾಡಿಕೊಂಡವಳು ಅವಳೇ ಎಂದು ಸಮಿತಿ ತಿಳಿಯುತ್ತದೆ. ಶಿಕ್ಷೆ ಅದಕ್ಕೂ ಇದೆ, ಇನ್ನೂ ದೊಡ್ಡದೇ ಇದೆ.

ಪಟ್ಟಿಯನ್ನು ಇದೇ ಲಕೋಟೆಯಲ್ಲಿಟ್ಟಿದ್ದೇನೆ. ಹಿಡಿ ನಮ್ಮಲ್ಲೇ ಇರಲಿ.

ಗೌರವದಿಂದ,
ಪತ್ರದವಳು


ಏಪ್ರಿಲ್ ೨೪

ಅಕ್ಕ,

ವರದಿ ಬಂತು. ಮೊದಲು ಕುಣಿದಾಡಿಬಿಟ್ಟೆ. ಚಿಕ್ಕಮ್ಮ ಹೆದರಿ ಒಲೆ ಆರಿಸಿ ಓಡಿ ಬಂದಳು. ಎರಡನೇ ಸಲ ಓದುವಾಗ "ಚರ್ಮದ ಪಟ್ಟಿ" ಅಂತ ಇರೋ ಕಡೆ ನಿಂತುಬಿಟ್ಟೆ.

ಅಕ್ಕ, ಅದನ್ನು ಬದಲಾಯಿಸೋಕೆ ಆಗಲ್ವಾ? ಏನೋ ಒಂದು ಬಿಡಿಭಾಗ ಸವೆದಿತ್ತು ಅಂತ ಬರೆದುಬಿಡಿ. ನಿಮ್ಮ ಕಂಪನಿಗೆ ಕೆಟ್ಟ ಹೆಸರು ಬರುತ್ತೆ ಅಂದರೆ ನಾನು ಬೀಳಿಸಿದ್ದರಿಂದ ಸವೆಯಿತು ಅಂತ ಬರೆಯಿರಿ. ಅಪ್ಪನನ್ನು ನೀವು ನೋಡಿಲ್ಲ. ಕುಂಟುತ್ತಾ ಬಂದವರು ನೆಟ್ಟಗೆ ನಡೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡುತ್ತಾ ಇರುತ್ತಾರೆ. ಅವರಿಗಿರೋದು ಅದೊಂದೇ ಸುಖ. ತಮ್ಮ ಕೈಯಿಂದ ಒಂದು ಹುಡುಗಿಯ ಕಣ್ಣು ಹೋಗೋದರಲ್ಲಿತ್ತು ಅಂತ ಗೊತ್ತಾದರೆ ಆ ಮನುಷ್ಯ ಮತ್ತೆ ಉಳಿ ಹಿಡಿಯಲ್ಲ.

ನನ್ನ ಮೇಲೆ ಸಿಟ್ಟು ಇದ್ದರೆ ಇರಲಿ. ಅದು ನನಗೆ ಅಭ್ಯಾಸ ಆಗಿದೆ. ಅವರಿಗೆ ಮಾತ್ರ ಹೇಳಬೇಡಿ.

ಚೂಟಿ


ಏಪ್ರಿಲ್ ೨೯

ಚೂಟಿ,

ನಿನ್ನ ಪತ್ರ ಬರುವ ಮೊದಲೇ ಅಪ್ಪನಿಗೆ ಬರೆದಾಗಿತ್ತು. ಉತ್ತರ ಬಂದಿಲ್ಲ.

ಬರೆಯದೆ ಇದ್ದಿದ್ದರೂ ವರದಿ ಬದಲಾಯಿಸುತ್ತಿರಲಿಲ್ಲ. ಆ ಹಿಡಿ ಇನ್ನೊಂದು ಬೇಸಿಗೆ ನಿನ್ನ ಕೈಯಲ್ಲಿದ್ದರೆ ಏನಾಗುತ್ತಿತ್ತು ಎಂದು ಯೋಚಿಸು. ನಿನಗೆ ಸಹಾಯ ಮಾಡಬೇಕೆಂದು ಹೊರಟು ನಿಮ್ಮ ಮನೆಯಲ್ಲಿ ಬೆಂಕಿ ಹಚ್ಚಿದೆನೇನೋ ಎಂದು ನನಗೂ ಭಯ ಇದೆ. ವಿಚಾರಣೆ ಮುಗಿದ ಕೂಡಲೇ ಒಂದು ಸಾಲಾದರೂ ಬರೆ.

ಅಕ್ಕ


ಮೇ ೨೦

ತಂಗೀ,

ಇಷ್ಟು ದಿನ ನಿಮಗೆ ಉತ್ತರ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಆ ಪಟ್ಟಿ ಇಟ್ಟದ್ದು ನನಗೆ ನೆನಪೇ ಇರಲಿಲ್ಲ, ಇದನ್ನು ನೀವು ನಂಬಬೇಕು. ಸಡಿಲ ಕಂಡ ಕಡೆ ಒಂದು ಚೂರು ಚರ್ಮ ಕೊಟ್ಟು ಬಿಗಿ ಮಾಡುವುದು ನನಗೆ ಉಗುಳು ನುಂಗಿದಷ್ಟು ಸಲೀಸು. ಬೂಟಿನೊಳಗೆ ದಿನಾ ಮಾಡುತ್ತೇನೆ. ಹೊಸ ಬೂಟು ಕೊಡುವಾಗ ಬಂದವರಿಗೆಲ್ಲ ಹೇಳುತ್ತೇನೆ, ಒದ್ದೆ ಮಾಡಬೇಡಿ, ಚರ್ಮ ನೀರು ಕುಡಿದರೆ ಉಬ್ಬುತ್ತದೆ, ಬೆವರು ಕುಡಿದರೂ ಉಬ್ಬುತ್ತದೆ ಎಂದು. ಊರಿಗೆಲ್ಲ ಹೇಳಿದೆ, ನನಗೆ ನಾನು ಹೇಳಿಕೊಳ್ಳಲಿಲ್ಲ. ನಿಮ್ಮ ಲಕೋಟೆಯಿಂದ ಪಟ್ಟಿ ಅಂಗೈಗೆ ಬಿದ್ದಾಗ ಅಂಚು ನೋಡಿದೆ. ನನ್ನ ಉಳಿಯ ಕೊರೆತ ನನಗೆ ಗೊತ್ತಾಗದೆ ಇರುತ್ತದೆಯೇ?

ವಿಚಾರಣೆಗೆ ಹೋದೆ. ಉದ್ದನೆಯ ಮೇಜು, ಆ ಕಡೆ ಸಮಿತಿಯವರು, ಈ ಕಡೆ ಚೂಟಿ. ನಾನು ಬಾಗಿಲ ಹತ್ತಿರ ಕೂತಿದ್ದೆ. ಅವಳು ತಿರುಗಿ ನೋಡಲಿಲ್ಲ. ಅಧ್ಯಕ್ಷರು ನಿಮ್ಮ ವರದಿ ಓದಿ, ಕನ್ನಡಕ ತೆಗೆದು, "ಈ ಪಟ್ಟಿ ಯಾರು ಹಾಕಿದ್ದು?" ಎಂದರು. ನಾನು ಎದ್ದು ನಿಂತೆ. ನಾನು ಮಾತು ತೆಗೆಯುವಷ್ಟರಲ್ಲಿ ಅವಳು ಹೇಳಿಬಿಟ್ಟಳು, "ನಾನೇ ಹಾಕಿದ್ದು ಸಾರ್. ಅಪ್ಪನಿಗೆ ಗೊತ್ತಿಲ್ಲ."

ನೆಲ ನೋಡಿಕೊಂಡು ಹೇಳಿದಳು. ಅಂಗಿಯ ತೋಳಿನ ತುದಿಯನ್ನು ತಿರುಚುತ್ತಿದ್ದಳು. ಕಿವಿ ಕೆಂಪಾಗಿತ್ತು.

ತಂಗೀ, ನನ್ನ ಮಗಳು ಸುಳ್ಳು ಹೇಳುವಾಗ ಹೇಗೆ ಕಾಣುತ್ತಾಳೆ ಎಂದು ನಾನು ನೋಡಿದ್ದು ಅದೇ ಮೊದಲು. ಫೆಬ್ರವರಿಯಲ್ಲಿ "ಹೊರಗಿತ್ತು ಅಪ್ಪ" ಎನ್ನುವಾಗ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಅವಳ ಬೆರಳು ನೋಡುತ್ತಿದ್ದೆ.

"ಸುಳ್ಳು ಹೇಳ್ತಿದ್ದಾಳೆ" ಅಂದೆ. ಆ ಮಾತು ಅವಳಿಗೆ ನಾನು ಹೇಳಿದ್ದು ಎರಡನೇ ಸಲ. ಈ ಸಲ ಸರಿಯಾಗಿ ಹೇಳಿದೆ. ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಅಂಚನ್ನು ಹೀಗೆ ಕಾಗದದಷ್ಟು ತೆಳ್ಳಗೆ ಕೊರೆಯಲು ಅವಳಿಗೆ ಬರುವುದಿಲ್ಲ, ಉಳಿ ಹಿಡಿಯಲೂ ಬರುವುದಿಲ್ಲ, ಇದು ನನ್ನ ಕೆಲಸ ಎಂದೆ. ಕ್ಲಬ್ಬಿಗೆ ಕೊಟ್ಟ ವರದಿಯಲ್ಲಿ ಬೆರಳನ್ನು ಟ್ರಿಗರ್ ಮೇಲೆ ಕಂಡೆ ಎಂದು ಬರೆದದ್ದನ್ನು ನಾನು ಕಂಡಿರಲಿಲ್ಲ ಎಂದೂ ಹೇಳಿದೆ. ಚೂಟಿ ಮುಖ ಮುಚ್ಚಿಕೊಂಡು ಅತ್ತಳು.

ಅವಳ ಮೇಲೆ ಯಾವ ಆರೋಪವೂ ಉಳಿದಿಲ್ಲ. ನಾನು ರೇಂಜಿನೊಳಗೆ ಕಾಲಿಡುವ ಹಾಗಿಲ್ಲ, ಅದು ಸರಿಯಾದ ತೀರ್ಪೇ. ಕೆನ್ನೆಗೆ ಗಾಯವಾದ ಹುಡುಗಿ ಹೊರಗೆ ಕಾದಿದ್ದಳು, ಅವಳಿಗೆ ಕೈಮುಗಿದೆ. ಚೂಟಿ ಅವಳ ಜೊತೆ ಬಸ್ಸು ಹತ್ತಿ ಚಿಕ್ಕಮ್ಮನ ಮನೆಗೇ ಹೋದಳು. ಬಾ ಎಂದು ಕರೆಯಲು ನನಗೆ ಯಾವ ಮುಖ ಇತ್ತು?

ನಿಮ್ಮನ್ನು ಸುಮ್ಮನೆ ಗದರಿಸಿದೆ. ನೀವು ಕೇಳಿದ್ದನ್ನೇ ನಾನು ಮೊದಲ ದಿನ ಕೇಳಿದ್ದರೆ ಸಾಕಿತ್ತು. ಕ್ಷಮಿಸಿ ಎಂದು ಬರೆಯುತ್ತಿದ್ದೇನೆ. ಈ ಮಾತನ್ನು ಮೊದಲು ಯಾರಿಗೆ ಹೇ‌ಳಬೇಕೋ ಅವರಿಗೆ ಹೇಳಲು ಇನ್ನೂ ಆಗಿಲ್ಲ.

ಪಿಸ್ತೂಲು ವಾಪಸ್ಸು ಕಳಿಸುವಾಗ ಕೆತ್ತದ ಹೊಸ ಹಿಡಿಯ ಮರ ಒಂದನ್ನು ಜೊತೆಗೆ ಕಳಿಸಿ. ಹಳೆಯದನ್ನು ಒಲೆಗೆ ಹಾಕಿ. ಹೊಸದನ್ನು ಕೆತ್ತಲು ಅವಳು ನನಗೆ ಕೊಡುತ್ತಾಳೋ, ಬೇರೆ ಯಾರಿಗೋ ಕೊಡುತ್ತಾಳೋ ಗೊತ್ತಿಲ್ಲ. ಯಾವ ಅಳತೆಯದು ಎಂದು ಅವಳನ್ನೇ ಕೇಳಬೇಕು. ಈ ಸಲ ಕೇಳುತ್ತೇನೆ.

ಪತ್ರವನ್ನು ಅವಳ ಅಮ್ಮನ ಕೈಗೆ ಕೊಡುತ್ತಿದ್ದೇನೆ, ಪೇಟೆಗೆ ಹೋಗುವಾಗ ಅಂಚೆಗೆ ಹಾಕುತ್ತಾಳಂತೆ.

ಇಂತಿ,
ಬೂಟಿನ ಅಂಗಡಿಯವನು


ಅಕ್ಕ, ಕೆಳಗಿನ ಸಾಲುಗಳು ನನ್ನವು. ಅಮ್ಮ ಈ ಪತ್ರವನ್ನು ಅಂಚೆಗೆ ಹಾಕದೆ ನೇರವಾಗಿ ನನ್ನ ಹತ್ತಿರ ತಂದಳು. ಲಕೋಟೆ ಅಂಟಿಸಿರಲಿಲ್ಲ. ಪಾರ್ಸೆಲ್ಲಿಗೆ ಮೂರು ಗಂಟು ಹಾಕುವ ಅಪ್ಪ ಲಕೋಟೆ ಅಂಟಿಸೋದು ಮರೆಯುವವರಲ್ಲ.

ಬಲಗೈ, ಮಧ್ಯಮ ಅಳತೆಯ ಮರ ಕಳಿಸಿ. ನಾಳೆ ಬೆಳಗ್ಗೆ ಅಂಗಡಿಗೆ ಹೋಗುತ್ತೇನೆ, ಅಪ್ಪನ ಹತ್ತಿರ ಅಂಗೈ ಅಳತೆ ತೆಗೆಸಿಕೊಳ್ಳೋಕೆ.

ಚೂಟಿ
ಮೇ ೨೨